ಹಗುರಾದ ಸ್ಟಿಯರಿಂಗ್ ಮತ್ತೆ ಭಾರವಾದಾಗ

ಮಂಗಳೂರಿನಲ್ಲಿ ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ಹಳೆಯ ಕಾರುಗಳ ದೂರು ಶುರುವಾಗುತ್ತದೆ. ಕದ್ರಿಯ ಏರಿನಲ್ಲೋ, ಬಿಜೈಯ ಇಕ್ಕಟ್ಟಾದ ಓಣಿಯಲ್ಲೋ ಕಾರನ್ನು ಹಿಂದೆ ಮುಂದೆ ಮಾಡಿ ತಿರುಗಿಸುವಾಗ ಬಾನೆಟ್ಟಿನ ಒಳಗಿನಿಂದ ಕಿವಿ ಕೊರೆಯುವಂಥ ‘ಕಿಂಯ್’ ಸದ್ದು ಹೊರಡುತ್ತದೆ. ಇಲ್ಲವೇ ಎಮ್ಮೆ ನರಳಿದ ಹಾಗೆ ಒಂದು ಗುಂಯ್‌ಗುಡುವಿಕೆ. ನಿನ್ನೆಯವರೆಗೆ ಒಂದು ಬೆರಳಿಗೆ ತಿರುಗುತ್ತಿದ್ದ ಸ್ಟಿಯರಿಂಗ್ ಇಂದು ಎರಡು ಕೈ ಹಾಕಿದರೂ ಜಗ್ಗುವುದಿಲ್ಲ. ಕಾರಿನ ಯಜಮಾನರು ಗ್ಯಾರೇಜಿಗೆ ಬಂದು ಹೇಳುವುದು ಒಂದೇ ಮಾತು: “ಪವರ್ ಸ್ಟಿಯರಿಂಗ್ ಪಂಪು ಹೋಯ್ತು ಮಾರಾಯ್ರೆ, ಹೊಸತು ಸಿಗ್ತದಾ ನೋಡಿ.”

ಅನುಭವಸ್ಥ ಮೆಕ್ಯಾನಿಕ್ ಆ ಮಾತಿಗೆ ತಲೆಯಾಡಿಸಿದರೂ ಮೊದಲು ಪಂಪಿಗೆ ಕೈ ಹಾಕುವುದಿಲ್ಲ. ಟಯರನ್ನು ಕಾಲಿನಿಂದ ಒದ್ದು ನೋಡುತ್ತಾನೆ. ಬೆಲ್ಟಿನ ಮೇಲೆ ಹೆಬ್ಬೆರಳು ಒತ್ತುತ್ತಾನೆ. ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತಾನೆ. ಹತ್ತರಲ್ಲಿ ಹಲವು ಸಲ ಕಾಯಿಲೆ ಅಲ್ಲಿಯೇ ಪತ್ತೆಯಾಗುತ್ತದೆ. ಪಂಪು ನಿರಪರಾಧಿಯಾಗಿ ಬಿಡುಗಡೆಯಾಗುತ್ತದೆ.

ತೆಂಗಿನಕಾಯಿಯಷ್ಟೇ ಗಾತ್ರದ ಈ ಪಂಪಿಗೆ ಒಂದು ಇತಿಹಾಸವಿದೆ. ಅದನ್ನು ರಿಪೇರಿ ಮಾಡುವ ಕೈಗಳಿಗೂ ಮಂಗಳೂರಿನಲ್ಲಿ ಒಂದು ಇತಿಹಾಸವಿದೆ. ಎರಡೂ ಈಗ ಕೊನೆಯ ಅಧ್ಯಾಯಕ್ಕೆ ಬಂದಿರುವಂತೆ ಕಾಣುತ್ತಿರುವುದರಿಂದ ಎರಡನ್ನೂ ಒಟ್ಟಿಗೆ ನೋಡುವುದು ಒಳ್ಳೆಯದು.

ತೋಳ್ಬಲದ ಕಾಲ

ಕರಾವಳಿಯಲ್ಲಿ ಯಂತ್ರ ದುರಸ್ತಿಯ ವಿದ್ಯೆ ಮೋಟಾರಿಗಿಂತ ಹಳೆಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಇಲ್ಲಿ ಮುದ್ರಣಾಲಯ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ಹೀಗೆ ಒಂದೊಂದನ್ನೇ ಆರಂಭಿಸಿತು. ಯಂತ್ರ ಬಂದ ಮೇಲೆ ಅದು ಕೆಡುವುದೂ ಖಂಡಿತ. ಕೆಟ್ಟ ಭಾಗವನ್ನು ಹಡಗಿನಲ್ಲಿ ಯುರೋಪಿಗೆ ಕಳುಹಿಸಿ ಕಾಯುವಂತಿರಲಿಲ್ಲ. ಆದ್ದರಿಂದ 1870ರ ದಶಕದಲ್ಲಿ ಮಿಷನ್ ಮಂಗಳೂರಿನಲ್ಲಿ ಒಂದು ಯಂತ್ರ ಕಾರ್ಯಾಗಾರವನ್ನೇ ತೆರೆಯಿತು. ಎರಕ ಹೊಯ್ಯುವುದು, ಕಡೆಯುವುದು, ಅಳತೆಗೆ ಸರಿಯಾಗಿ ಕೂಡಿಸುವುದು ಇವನ್ನೆಲ್ಲ ಸ್ಥಳೀಯ ಹುಡುಗರು ಅಲ್ಲಿ ಕಲಿತರು. ‘ಭಾಗ ಸಿಗದಿದ್ದರೆ ಮಾಡಿಕೊಳ್ಳುವುದು’ ಎಂಬ ಪಾಠ ಈ ಊರಿಗೆ ಅಂದೇ ಆಗಿತ್ತೆನ್ನಬಹುದು.

ಮೋಟಾರು ಬಸ್ಸಿನ ಯುಗ ಬಂದದ್ದು ಆಮೇಲೆ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಆರಂಭವಾಯಿತು. ಜನರ ಬಾಯಲ್ಲಿ ಅದು ‘ಸಿಪಿಸಿ’. ಈ ಕಂಪನಿಯ ಹೆಸರಿನೊಂದಿಗೆ ಸೇರಿಕೊಂಡಿರುವ ವಿ.ಎಸ್. ಕುಡ್ವರು 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಮತ್ತು ಉಪೇಂದ್ರ ಪೈಗಳ ಜೊತೆಗೂಡಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯನ್ನು ಕಟ್ಟಿದವರು. ಕುಡ್ವರ ಇನ್ನೊಂದು ಸಾಹಸ ಕೆನರಾ ವರ್ಕ್‌ಶಾಪ್ಸ್. ಗಾಡಿಗಳ ಪಟ್ಟಿ ಸ್ಪ್ರಿಂಗುಗಳನ್ನು ಅದು ಮಂಗಳೂರಿನಲ್ಲೇ ತಯಾರಿಸಿತು. ಬಸ್ ಓಡಿಸಲು ಹೊರಟವರು ಸ್ಪ್ರಿಂಗು ಮಾಡಲೂ ಕಲಿತದ್ದು ಆಕಸ್ಮಿಕವಲ್ಲ. ಇಲ್ಲಿನ ರಸ್ತೆ, ಇಲ್ಲಿನ ಮಳೆ, ಇಲ್ಲಿನ ಘಾಟಿಗಳೇ ಆ ಪಾಠ ಕಲಿಸಿದವು. 1946ರಲ್ಲಿ ಕದ್ರಿ ಗುಡ್ಡದ ಮೇಲೆ ಕರ್ನಾಟಕ ಪಾಲಿಟೆಕ್ನಿಕ್ ಸ್ಥಾಪನೆಯಾಯಿತು. ಗ್ಯಾರೇಜಿನಲ್ಲಿ ಕಣ್ಣಳತೆಯಿಂದ ನಡೆಯುತ್ತಿದ್ದ ವಿದ್ಯೆಗೆ ಹತ್ತಿರದಲ್ಲೇ ಪಠ್ಯಪುಸ್ತಕದ ಬಲವೂ ದೊರೆಯಿತು.

ಆ ಕಾಲದ ಗಾಡಿಗಳಲ್ಲಿ ಸ್ಟಿಯರಿಂಗ್ ತಿರುಗಿಸುವುದೆಂದರೆ ತೋಳ್ಬಲದ ಕೆಲಸ. ಎಂಜಿನ್ನಿನ ಭಾರವೆಲ್ಲ ಮುಂದಿನ ಎರಡು ಚಕ್ರಗಳ ಮೇಲೆ. ಗಾಡಿ ಓಡುತ್ತಿದ್ದರೆ ಟಯರು ಉರುಳುತ್ತಲೇ ತಿರುಗುತ್ತದೆ, ಆದ್ದರಿಂದ ಕಷ್ಟ ಕಡಿಮೆ. ನಿಂತಲ್ಲೇ ತಿರುಗಿಸಿದರೆ ಮಾತ್ರ ರಬ್ಬರನ್ನು ನೆಲದ ಮೇಲೆ ತಿಕ್ಕಿದಂತೆ. ಬಸ್ಸು, ಲಾರಿಗಳ ಸ್ಟಿಯರಿಂಗ್ ಚಕ್ರ ಬುಟ್ಟಿಯಷ್ಟು ದೊಡ್ಡದಿದ್ದುದಕ್ಕೆ ಇದೇ ಕಾರಣ. ಚಕ್ರ ದೊಡ್ಡದಾದಷ್ಟೂ ಸನ್ನೆಕೋಲಿನ ಹಾಗೆ ಬಲ ಕಡಿಮೆ ಸಾಕು. ಆದರೆ ಹಾಗೆ ಉಳಿಸಿದ ಬಲವನ್ನು ಸುತ್ತುಗಳ ಲೆಕ್ಕದಲ್ಲಿ ತೆರಬೇಕು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಹತ್ತಿಳಿಯುವಾಗ ಡ್ರೈವರ್ ಸೀಟಿನಿಂದ ಅರ್ಧ ಎದ್ದು, ಭುಜ ಕೊಟ್ಟು ಸ್ಟಿಯರಿಂಗ್ ಸುತ್ತುತ್ತಿದ್ದ ದೃಶ್ಯ ಹಳಬರಿಗೆ ಇನ್ನೂ ನೆನಪಿರಬಹುದು.

ಇಪ್ಪತ್ತೈದು ವರ್ಷ ಕಾದ ಉಪಾಯ

ಈ ಭಾರವನ್ನು ಎಣ್ಣೆಯ ಒತ್ತಡದಿಂದ ಇಳಿಸಬಹುದೆಂದು ತೋರಿಸಿದವರಲ್ಲಿ ಪ್ರಮುಖ ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್. ಪಿಯರ್ಸ್-ಆರೋ ಎಂಬ ಮೋಟಾರು ಕಂಪನಿಯಲ್ಲಿ ಲಾರಿಗಳ ವಿಭಾಗದಲ್ಲಿದ್ದ ಆತನಿಗೆ ಭಾರದ ಗಾಡಿ ತಿರುಗಿಸುವ ಡ್ರೈವರುಗಳ ಪಾಡು ಚೆನ್ನಾಗಿ ಗೊತ್ತಿತ್ತು. 1922ರಲ್ಲಿ ಕೆಲಸ ಬಿಟ್ಟು ಮ್ಯಾಸಚೂಸೆಟ್ಸ್ ರಾಜ್ಯದ ವಾಲ್ಥಮ್ ಎಂಬಲ್ಲಿ ಒಂದು ಚಿಕ್ಕ ಕಾರ್ಯಾಗಾರ ಹಿಡಿದು, ಜಾರ್ಜ್ ಜೆಸಪ್ ಎಂಬ ನುರಿತ ಕುಶಲಕರ್ಮಿಯ ಜೊತೆ ಪ್ರಯೋಗಕ್ಕಿಳಿದರು.

ಅವರಿಗೆ ಎದುರಾದ ತೊಡಕು ಇಂದಿಗೂ ಪ್ರತಿ ಗ್ಯಾರೇಜಿನ ತೊಡಕು: ಲೀಕೇಜು. ಎಣ್ಣೆಯನ್ನು ಸದಾ ಭಾರೀ ಒತ್ತಡದಲ್ಲಿ ಕಟ್ಟಿಟ್ಟರೆ ಅದು ಎಲ್ಲಿಂದಲಾದರೂ ನುಸುಳಿ ಹೊರಬರುತ್ತದೆ. ಡೇವಿಸ್ ಇದನ್ನು ತಿರುಗುಮುರುಗು ಮಾಡಿದರು. ವಾಲ್ವನ್ನು ಸದಾ ತೆರೆದೇ ಇಟ್ಟು, ಎಣ್ಣೆ ಸುಮ್ಮನೆ ಸುತ್ತುತ್ತಿರುವಂತೆ ಬಿಟ್ಟರು. ಡ್ರೈವರ್ ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ ವಾಲ್ವು ಒಂದು ದಾರಿಯನ್ನು ಕಿರಿದಾಗಿಸುತ್ತದೆ. ಆಗಷ್ಟೇ ಒತ್ತಡ ಏರಿ, ಚಕ್ರ ತಿರುಗಲು ನೆರವಾಗುತ್ತದೆ. ಕೈ ಬಿಟ್ಟರೆ ಒತ್ತಡ ಮತ್ತೆ ಇಳಿಯುತ್ತದೆ. ಬೇಕಾದಾಗ ಮಾತ್ರ ಬಲ ಎಂಬ ಈ ಸರಳ ಉಪಾಯವೇ ಮುಂದಿನ ಎಲ್ಲ ಎಣ್ಣೆ ಸ್ಟಿಯರಿಂಗುಗಳಿಗೆ ತಳಹದಿಯಾಯಿತು.

1926ರಲ್ಲಿ ಡೇವಿಸ್ ತಮ್ಮ ಕಾರನ್ನು ಡೆಟ್ರಾಯಿಟ್‌ಗೆ ಒಯ್ದು ಕಂಪನಿಗಳಿಗೆ ತೋರಿಸಿದರು. ಜನರಲ್ ಮೋಟರ್ಸ್ ಒಪ್ಪಂದವನ್ನೂ ಮಾಡಿಕೊಂಡಿತು. ಆದರೆ ಆರ್ಥಿಕ ಕುಸಿತದ ದಿನಗಳಲ್ಲಿ ಖರ್ಚು ಹೆಚ್ಚೆಂದು 1934ರಲ್ಲಿ ಕೈಬಿಟ್ಟಿತು. ಎರಡನೆಯ ಮಹಾಯುದ್ಧ ಬಂದಾಗ ಉಕ್ಕಿನ ಕವಚ ತೊಟ್ಟ ಸೇನಾ ವಾಹನಗಳನ್ನು ತಿರುಗಿಸಲು ಇದೇ ವಿಧಾನ ನೆರವಿಗೆ ಬಂತು. ಜನರ ಕಾರಿಗೆ ಬಂದದ್ದು 1951ರಲ್ಲಿ. ಡೇವಿಸ್ ಪಡೆದಿದ್ದ ಕೆಲವು ಹಕ್ಕುಗಳ ಅವಧಿ ಮುಗಿದಿದ್ದನ್ನು ಬಳಸಿಕೊಂಡು ಕ್ರೈಸ್ಲರ್ ಕಂಪನಿ ತನ್ನ ಇಂಪೀರಿಯಲ್ ಕಾರಿನಲ್ಲಿ ಪವರ್ ಸ್ಟಿಯರಿಂಗ್ ಅಳವಡಿಸಿತು. ಪ್ರತಿಸ್ಪರ್ಧಿ ಮುಂದೆ ಹೋದದ್ದನ್ನು ಕಂಡ ಜನರಲ್ ಮೋಟರ್ಸ್ ಮರುವರ್ಷವೇ ಕ್ಯಾಡಿಲಾಕ್‌ನಲ್ಲಿ ಅದನ್ನು ತಂದಿತು. ಒಂದು ಒಳ್ಳೆಯ ಉಪಾಯ ರಸ್ತೆಗಿಳಿಯಲು ಇಪ್ಪತ್ತೈದು ವರ್ಷ ಹಿಡಿದಿತ್ತು.

ನಮ್ಮಲ್ಲಿಗೆ ಬರಲು ಇನ್ನೂ ನಲವತ್ತು

ಅಮೆರಿಕದಲ್ಲಿ ಸ್ಟಿಯರಿಂಗ್ ಹಗುರಾಗುತ್ತಿದ್ದ ಹೊತ್ತಿಗೆ ಸರಿಯಾಗಿ ಭಾರತ ತನ್ನ ಬಾಗಿಲನ್ನು ಮುಚ್ಚುತ್ತಿತ್ತು. ವಿದೇಶದಿಂದ ಬಿಡಿಭಾಗ ತಂದು ಇಲ್ಲಿ ಜೋಡಿಸುವುದಷ್ಟೇ ಸಾಲದು, ಇಲ್ಲೇ ತಯಾರಿಸಬೇಕು ಎಂಬ ನೀತಿಯಿಂದಾಗಿ 1953-54ರ ವೇಳೆಗೆ ಜನರಲ್ ಮೋಟರ್ಸ್ ಮತ್ತು ಫೋರ್ಡ್ ಕಂಪನಿಗಳು ಇಲ್ಲಿಂದ ಹೊರಟವು. ಸ್ವದೇಶಿ ಉದ್ಯಮ ಬೆಳೆಯಬೇಕೆಂಬ ಆ ನೀತಿಗೆ ಅದರದೇ ಸಮರ್ಥನೆ ಇತ್ತು. ಆದರೆ ಕಾರು ಕೊಳ್ಳುವವರಿಗೆ ಉಳಿದದ್ದು ಬೆರಳೆಣಿಕೆಯ ಮಾದರಿಗಳು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ 1957ರಲ್ಲಿ ಬಂದ ಅಂಬಾಸಿಡರ್ ದಶಕಗಳ ಕಾಲ ತೋಳ್ಬಲದಿಂದಲೇ ತಿರುಗಿತು. ಫಿಯೆಟ್ ಕಾರಿನದೂ ಅದೇ ಕಥೆ.

ಆ ದಿನಗಳಲ್ಲಿ ಪವರ್ ಸ್ಟಿಯರಿಂಗ್ ಕಾಣಬೇಕಿದ್ದರೆ ಹೊರದೇಶದ ಕಾರೇ ಆಗಬೇಕಿತ್ತು. ರಾಯಭಾರ ಕಚೇರಿಗಳು ಬಳಸಿದ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುತ್ತಿತ್ತು. ದೋಣಿಯಂತೆ ಉದ್ದನೆಯ ಇಂಪಾಲ ಮುಂತಾದ ಕಾರುಗಳು ಊರಿಗೊಂದೋ ಎರಡೋ ಆದದ್ದು ಹಾಗೆ. ಅಂಥ ಕಾರಿನ ಪಂಪು ಕೆಟ್ಟರೆ ಕೈಪಿಡಿ ಇಲ್ಲ, ಭಾಗವಿಲ್ಲ, ಕೇಳಲು ಕಂಪನಿಯೂ ಇಲ್ಲ. ಬಿಚ್ಚಿ ನೋಡಿ, ಬಿಚ್ಚಿದ ಕ್ರಮವನ್ನು ಗೋಣಿಯ ಮೇಲೆ ಸಾಲಾಗಿ ಜೋಡಿಸಿಟ್ಟು ಕಲಿತುಕೊಳ್ಳುವುದೇ ದಾರಿ.

ಸ್ವದೇಶಿ ಕಾರಿನಲ್ಲಿ ಪವರ್ ಸ್ಟಿಯರಿಂಗ್ ಸಾಮಾನ್ಯರ ಕಣ್ಣಿಗೆ ಬಿದ್ದದ್ದು 1990ರ ದಶಕದಲ್ಲಿ. 1984ರಲ್ಲಿ ಬಂದ ಹಿಂದೂಸ್ತಾನ್ ಮೋಟರ್ಸ್‌ನ ಕಾಂಟೆಸ್ಸಾ ಕಾರಿನ ನಂತರದ ಕೆಲವು ಮಾದರಿಗಳಲ್ಲಿ ಅದಿತ್ತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ಸಡಿಲವಾಯಿತು. ಬೆನ್ನಿಗೇ ಮಾರುತಿ ಎಸ್ಟೀಮ್, ದೇವೂ ಸಿಯೆಲೊ, ಒಪೆಲ್ ಆಸ್ಟ್ರಾ, ಪುಣೆಯಲ್ಲಿ ಜೋಡಿಸಿದ ಮರ್ಸಿಡಿಸ್ ಬೆಂಜ್ ಒಂದರ ಹಿಂದೊಂದು ಬಂದವು. ಕಾರಿನ ಹಿಂಭಾಗದಲ್ಲಿ ‘ಪವರ್ ಸ್ಟಿಯರಿಂಗ್’ ಎಂಬ ಅಕ್ಷರಗಳನ್ನು ಅಂಟಿಸಿಕೊಂಡು ತಿರುಗುವುದೇ ಒಂದು ಗತ್ತಾಗಿತ್ತು. ಹೆಂಗಸರು, ವಯಸ್ಸಾದವರು ದೊಡ್ಡ ಕಾರು ಓಡಿಸುವುದು ಸಲೀಸಾಯಿತು. ಓಣಿ, ಏರು, ಇಳಿತಗಳೇ ತುಂಬಿದ ಮಂಗಳೂರಿನಲ್ಲಿ ಈ ಅನುಕೂಲದ ಬೆಲೆ ಬೇಗ ತಿಳಿಯಿತು. ಅದರ ಹಿಂದೆಯೇ ಅದರ ಕಾಯಿಲೆಗಳೂ ಬಂದವು.

ಪಂಪಿನ ಒಳಗೆ ಏನಿದೆ?

ಈ ಕಾರುಗಳಲ್ಲಿ ಹೆಚ್ಚಿನವುಗಳ ಪಂಪು ‘ವೇನ್ ಪಂಪು’. ಅಂಡಾಕಾರದ ಒಂದು ಉಕ್ಕಿನ ಬಳೆ. ಅದರ ನಡುವೆ ತಿರುಗುವ ದುಂಡನೆಯ ಗಾಲಿ. ಗಾಲಿಯ ಅಂಚಿನಲ್ಲಿ ಸುತ್ತಲೂ ಸೀಳುಗಳು. ಪ್ರತಿ ಸೀಳಿನಲ್ಲಿ ಬ್ಲೇಡಿನಂಥ ತೆಳು ತಗಡು, ಅದೇ ವೇನ್. ಗಾಲಿ ವೇಗವಾಗಿ ಸುತ್ತಿದಾಗ ತಗಡುಗಳು ಹೊರಕ್ಕೆ ಚಿಮ್ಮಿ ಬಳೆಯ ಗೋಡೆಗೆ ಒತ್ತಿಕೊಳ್ಳುತ್ತವೆ. ಬಳೆ ಅಂಡಾಕಾರವಾದ್ದರಿಂದ ತಗಡುಗಳ ನಡುವಿನ ಜಾಗ ಒಮ್ಮೆ ಹಿಗ್ಗಿ ಎಣ್ಣೆ ಎಳೆದುಕೊಳ್ಳುತ್ತದೆ, ಮತ್ತೊಮ್ಮೆ ಕುಗ್ಗಿ ಹೊರಕ್ಕೆ ತಳ್ಳುತ್ತದೆ. ಪಂಪನ್ನು ತಿರುಗಿಸುವುದು ಎಂಜಿನ್ನಿನಿಂದ ಬರುವ ಬೆಲ್ಟು.

ಒತ್ತಡ ಎಷ್ಟಿರುತ್ತದೆ? ಸಾಮಾನ್ಯ ಕಾರಿನ ಟಯರಿನಲ್ಲಿ ಚದರ ಇಂಚಿಗೆ ಸುಮಾರು 30 ಪೌಂಡ್ ಗಾಳಿ ಇದ್ದರೆ, ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಈ ಪಂಪು 1,000 ಪೌಂಡಿನ ಆಸುಪಾಸಿಗೆ ಒತ್ತಡ ಏರಿಸಬಲ್ಲದು.

ಇಲ್ಲೊಂದು ವಿಚಿತ್ರವಿದೆ. ಸ್ಟಿಯರಿಂಗಿಗೆ ಅತಿ ಹೆಚ್ಚು ನೆರವು ಬೇಕಾದದ್ದು ಕಾರು ನಿಂತಿರುವಾಗ. ಆಗ ಎಂಜಿನ್ ನಿಧಾನ, ಪಂಪೂ ನಿಧಾನ. ಹೆದ್ದಾರಿಯಲ್ಲಿ ನೆರವು ಬೇಕಿಲ್ಲ. ಆಗ ಪಂಪು ಜೋರಾಗಿ ಸುತ್ತುತ್ತದೆ. ಈ ಹೊಂದಾಣಿಕೆಗಾಗಿ ಪಂಪಿನೊಳಗೆ ಒಂದು ಪುಟ್ಟ ವಾಲ್ವು ಇದೆ. ಹೆಚ್ಚಾದ ಎಣ್ಣೆಯನ್ನು ಅದು ಹಿಂದಕ್ಕೆ ಕಳುಹಿಸುತ್ತದೆ. ಸ್ಪ್ರಿಂಗಿನ ಮೇಲೆ ಜಾರುವ ಬೆರಳ ಗಾತ್ರದ ಈ ಭಾಗಕ್ಕೆ ಒಂದು ಕಣ ಲೋಹದ ಧೂಳು ಸಿಕ್ಕಿಕೊಂಡರೂ ಸಾಕು, ಇಡೀ ಸ್ಟಿಯರಿಂಗ್ ಕಲ್ಲಾಗುತ್ತದೆ.

ರೋಗ ಎಲ್ಲಿದೆ?

ಹಳೆಯ ಕಾರಿನ ಸ್ಟಿಯರಿಂಗ್ ಭಾರವಾದಾಗ ಪರೀಕ್ಷೆಗೆ ಒಂದು ಕ್ರಮವಿದೆ. ಅಗ್ಗದ್ದರಿಂದ ದುಬಾರಿಯ ಕಡೆಗೆ, ಹೊರಗಿನಿಂದ ಒಳಗೆ. ಈ ಕ್ರಮ ತಪ್ಪಿದಾಗಲೇ ಹಣ ನೀರಾಗುವುದು.

ಮೊದಲನೆಯದು ಟಯರಿನ ಗಾಳಿ. ಮುಂದಿನ ಟಯರುಗಳಲ್ಲಿ ಗಾಳಿ ಕಡಿಮೆಯಾದರೆ ಎಂಥ ಪಂಪಿದ್ದರೂ ಸ್ಟಿಯರಿಂಗ್ ಭಾರವೇ. ಎರಡನೆಯದಾಗಿ ಎಂಜಿನ್ ಆರಿಸಿ, ಜಾಕಿ ಕೊಟ್ಟು ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಸ್ಟಿಯರಿಂಗ್ ತಿರುಗಿಸಿ ನೋಡಬೇಕು. ಆಗಲೂ ಒರಟಾಗಿ, ತಡೆತಡೆದು ತಿರುಗಿದರೆ ದೋಷ ಪಂಪಿನದಲ್ಲ. ಗ್ರೀಸು ಕಾಣದೆ ಒಣಗಿದ ಕೀಲುಗಳಲ್ಲೋ, ತುಕ್ಕು ಹಿಡಿದ ಸ್ಟಿಯರಿಂಗ್ ಜಾಯಿಂಟಿನಲ್ಲೋ ಇದೆ. ಕಡಲ ಉಪ್ಪುಗಾಳಿ ಮತ್ತು ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಬೀಳುವ ಊರಿನಲ್ಲಿ ಇದು ಅಪರೂಪವೇನಲ್ಲ.

ಮೂರನೆಯದು ಬೆಲ್ಟು. ಮಳೆಗಾಲದ ‘ಕಿಂಯ್’ ಸದ್ದು ಬಹುಮಟ್ಟಿಗೆ ಇದರದೇ. ಸವೆದು ಹೊಳಪಾದ ಬೆಲ್ಟಿನ ಮೇಲೆ ರಸ್ತೆಯ ನೀರು ಚಿಮ್ಮಿದಾಗ ಅದು ಜಾರುತ್ತದೆ. ಸ್ಟಿಯರಿಂಗ್ ಕೊನೆಯವರೆಗೆ ತಿರುಗಿಸಿದಾಗ ಪಂಪಿಗೆ ಹೊರೆ ಹೆಚ್ಚಿ ಕಿರುಚಾಟ ಜೋರಾಗುತ್ತದೆ. ಹಳೆಯ ವಿ-ಬೆಲ್ಟನ್ನು ಎರಡು ಗಾಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ತಗ್ಗಬೇಕು. ಅದಕ್ಕಿಂತ ಹೆಚ್ಚು ತಗ್ಗಿದರೆ ಬಿಗಿ ಮಾಡಬೇಕು. ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ಹಾಗೆಂದು ವೀಣೆಯ ತಂತಿಯಂತೆ ಬಿಗಿದರೆ ಪಂಪಿನ ಬೇರಿಂಗು ಹಾಳಾಗುತ್ತದೆ.

ನಾಲ್ಕನೆಯದು ಎಣ್ಣೆ. ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ನುಂಗುತ್ತದೆ. ಎಮ್ಮೆ ನರಳಿದಂಥ ಸದ್ದು ಆ ಗಾಳಿಯದು. ಎಣ್ಣೆ ಮಜ್ಜಿಗೆಯಂತೆ ನೊರೆಗಟ್ಟಿದ್ದರೆ ಗಾಳಿ ಸೇರಿದೆ ಎಂದರ್ಥ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆಗೆ ವಯಸ್ಸಾಗಿದೆ. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದಾಗ ಬೆಳ್ಳಿಯ ಪುಡಿಯಂತೆ ಮಿನುಗಿದರೆ ಒಳಗೆ ಲೋಹ ಸವೆಯುತ್ತಿದೆ.

ಮಟ್ಟ ಸರಿಯಿದ್ದೂ ನೊರೆ ಬರುತ್ತಿದ್ದರೆ ಡಬ್ಬಿಯಿಂದ ಪಂಪಿಗೆ ಬರುವ ರಬ್ಬರ್ ಪೈಪನ್ನು ನೋಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಪೈಪಿನಲ್ಲಿ ಪಂಪು ಎಣ್ಣೆಯನ್ನು ಹೀರುತ್ತದೆ. ಆದ್ದರಿಂದ ಗಟ್ಟಿಯಾಗಿ ಬಿರಿದ ಪೈಪಿನಿಂದ ಎಣ್ಣೆ ಹೊರಗೆ ತೊಟ್ಟಿಕ್ಕದೆಯೇ ಗಾಳಿ ಒಳಗೆ ನುಗ್ಗಬಹುದು. ನೆಲದ ಮೇಲೆ ಕಲೆ ಇಲ್ಲ, ಆದ್ದರಿಂದ ಲೀಕೇಜು ಇಲ್ಲ ಎಂದುಕೊಂಡು ಪಂಪನ್ನು ಬದಲಿಸಿದವರು ಹಲವರು. ನೂರಿನ್ನೂರು ರೂಪಾಯಿಯ ಪೈಪು, ಎರಡು ಕ್ಲಿಪ್ಪು ಸಾಕಾಗುತ್ತಿತ್ತು.

ಇಷ್ಟೆಲ್ಲ ನೋಡಿಯೂ ಗುಣ ಕಾಣದಿದ್ದರೆ ಒತ್ತಡ ಅಳೆಯುವ ಗೇಜು ಬೇಕು. ಪಂಪು ಮತ್ತು ಸ್ಟಿಯರಿಂಗ್ ಪೆಟ್ಟಿಗೆಯ ನಡುವೆ ಗೇಜನ್ನೂ ಒಂದು ನಲ್ಲಿಯನ್ನೂ ಕೂಡಿಸಿ, ಎಂಜಿನ್ ಓಡುವಾಗ ನಲ್ಲಿಯನ್ನು ಐದು ಸೆಕೆಂಡಿಗಿಂತ ಹೆಚ್ಚಲ್ಲದಂತೆ ಮುಚ್ಚಿ ನೋಡಬೇಕು. ಒತ್ತಡ ಕಂಪನಿ ಹೇಳಿದ ಮಟ್ಟಕ್ಕೆ ಏರಿದರೆ ಪಂಪು ಸರಿಯಿದೆ, ದೋಷ ಮುಂದಿನ ಪೆಟ್ಟಿಗೆಯಲ್ಲಿದೆ. ಏರದಿದ್ದರೆ ಮಾತ್ರ ಪಂಪು ಬಿಚ್ಚಲು ಅನುಮತಿ.

ಬಿಚ್ಚಿದ ಮೇಲೆ

ಪಂಪು ಬಿಚ್ಚುವಾಗಿನ ಮೊದಲ ತಪ್ಪು ಸುತ್ತಿಗೆಯದು. ಬೆಲ್ಟು ಕೂರುವ ಗಾಲಿಯನ್ನು ಹೊಡೆದು ತೆಗೆಯಲು ಹೋದರೆ ಏಟು ದಂಡದ ಮೂಲಕ ಒಳಗಿನ ತಗಡುಗಳಿಗೆ ತಲುಪುತ್ತದೆ. ಅದಕ್ಕೆ ಪುಲ್ಲರ್ ಬೇಕು. ಎರಡನೆಯ ತಪ್ಪು ಅಚಾತುರ್ಯದ ಸ್ವಚ್ಛತೆ: ನೂಲು ಬಿಡುವ ಬಟ್ಟೆಯಿಂದ ಒರೆಸಿದರೆ ಆ ನೂಲೇ ನಾಳೆ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ.

ಬಿಚ್ಚಿದಾಗ ಕಾಣುವ ಕಾಯಿಲೆಗಳು ಮುಖ್ಯವಾಗಿ ಮೂರು. ದಂಡದ ಬಳಿಯ ಆಯಿಲ್ ಸೀಲು ಗಟ್ಟಿಯಾಗಿ ಎಣ್ಣೆ ಬಿಡುವುದು. ಇದಕ್ಕೆ ಹೊಸ ಸೀಲು ಸಾಕು. ವಾಲ್ವು ಸಿಕ್ಕಿಕೊಂಡಿರುವುದು, ತೊಳೆದು, ಅದರ ಅಂಚಿನ ಸಣ್ಣ ಮುಳ್ಳುಗಳನ್ನು ತೀರ ನಯವಾದ ಕಾಗದದಿಂದ ಉಜ್ಜಿದರೆ ತನ್ನ ತೂಕದಿಂದಲೇ ಜಾರುವಂತಾಗುತ್ತದೆ. ಮೂರನೆಯದು ಬಳೆ ಮತ್ತು ತಗಡುಗಳ ಸವೆತ. ಬಳೆಯ ಒಳಗೋಡೆಯಲ್ಲಿ ಅಲೆಯಂಥ ಗೀರುಗಳು ಬೆರಳುಗುರಿಗೆ ತಾಗಿದರೆ ಆ ಭಾಗಗಳನ್ನು ಜೊತೆಯಾಗಿಯೇ ಬದಲಿಸಬೇಕು. ಮರುಜೋಡಣೆಯಲ್ಲಿ ತಗಡಿನ ದುಂಡಗಿನ ಅಂಚು ಹೊರಕ್ಕೆ, ಬಳೆಯ ಕಡೆಗೆ ಇರಬೇಕು. ಒಂದು ತಗಡು ತಿರುವುಮುರುವಾದರೂ ಹೊಸ ಬಳೆ ಕೆಲವೇ ದಿನಗಳಲ್ಲಿ ಕೆರೆದುಹೋಗುತ್ತದೆ.

ಎಣ್ಣೆಯ ವಿಷಯದಲ್ಲಿ ಆಗುವ ಅನಾಹುತ ಬೇರೆ. ಕಂಪನಿ ಹೇಳಿದ ಎಣ್ಣೆ ಕೈಗೆ ಸಿಗದಾಗ ಬ್ರೇಕ್ ಆಯಿಲ್ ಸುರಿಯುವವರಿದ್ದಾರೆ. ಎರಡಕ್ಕೂ ಬಳಸುವ ರಬ್ಬರೇ ಬೇರೆ. ಬ್ರೇಕ್ ಆಯಿಲ್ ತಾಗಿದ ಸ್ಟಿಯರಿಂಗಿನ ಸೀಲುಗಳು ಉಬ್ಬಿ ಮೆತ್ತಗಾಗಿ, ಪಂಪಿನಿಂದ ಪೆಟ್ಟಿಗೆಯವರೆಗೆ ಎಲ್ಲವೂ ಒಟ್ಟಿಗೆ ಕೈಕೊಡುತ್ತವೆ.

ಒತ್ತಡದ ಪೈಪು ಒಡೆದರೆ ಮಾತ್ರ ಇಂದು ಕಷ್ಟ ಕಡಿಮೆ. ಮುರಕಲ್ಲಿನ ಗುಡ್ಡ ಅಗೆಯುವ ಜೆಸಿಬಿ ಯಂತ್ರಗಳೆಲ್ಲ ಎಣ್ಣೆಯ ಒತ್ತಡದಿಂದಲೇ ನಡೆಯುವಂಥವು. ಅವುಗಳ ಪೈಪು ಕಟ್ಟಿಕೊಡುವ ಅಂಗಡಿಯಲ್ಲಿ ಹಳೆಯ ಕಾರಿನ ಎರಡು ತುದಿಗಳಿಗೆ ಹೊಸ ಪೈಪನ್ನು ಒತ್ತಿಸಿಕೊಳ್ಳಬಹುದು. ಸೀಲು, ಬೇರಿಂಗುಗಳನ್ನೂ ಒಳ, ಹೊರ ವ್ಯಾಸ ಮತ್ತು ದಪ್ಪ ಅಳೆದು ಹುಡುಕಿದರೆ ಬೇರೊಂದು ಗಾಡಿಯದು ಹೊಂದುವುದುಂಟು. ಮಾಡಿಕೊಳ್ಳುವ ಹಳೆಯ ವಿದ್ಯೆ ನೆರವಿಗೆ ಬರುವುದು ಇಲ್ಲಿಯೇ.

ಕೊನೆಯದು ಗಾಳಿ ತೆಗೆಯುವ ಕೆಲಸ. ಚಕ್ರಗಳನ್ನು ಎತ್ತಿ ನಿಲ್ಲಿಸಿ, ಎಣ್ಣೆ ತುಂಬಿ, ಎಂಜಿನ್ ಹಚ್ಚದೆ ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹದಿನೈದಿಪ್ಪತ್ತು ಸಲ ತಿರುಗಿಸಬೇಕು. ಗುಳ್ಳೆ ಏಳುವುದು ನಿಂತ ಮೇಲೆಯೇ ಎಂಜಿನ್. ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಅವಸರ ಮಾಡಿದರೆ ಹೊಸ ಪಂಪೂ ಹಳೆಯದರಂತೆಯೇ ನರಳುತ್ತದೆ.

ಐವತ್ತು ತುಂಬುವವರೆಗೆ

ಈಗ ಪಂಪಿನ ಕಾಲವೇ ಮುಗಿಯುತ್ತ ಬಂದಿದೆ. 1988ರಲ್ಲಿ ಜಪಾನಿನ ಸುಜುಕಿ ಸೆರ್ವೊ ಎಂಬ ಪುಟ್ಟ ಕಾರಿನಲ್ಲಿ ಬಂದ ವಿದ್ಯುತ್ ಮೋಟಾರಿನ ಸ್ಟಿಯರಿಂಗ್ ಇಂದು ಬಹುತೇಕ ಹೊಸ ಕಾರುಗಳಲ್ಲಿದೆ. ಅದರಲ್ಲಿ ಎಣ್ಣೆಯಿಲ್ಲ, ಬೆಲ್ಟಿಲ್ಲ, ಪಂಪಿಲ್ಲ. ತಿರುಗಿಸುವಾಗ ಮಾತ್ರ ವಿದ್ಯುತ್ ಬಳಸುವುದರಿಂದ ಇಂಧನವೂ ಉಳಿಯುತ್ತದೆ. ಕೆಟ್ಟರೆ ಕಂಪ್ಯೂಟರ್ ಹಚ್ಚಿ ನೋಡಿ ಇಡೀ ಭಾಗವನ್ನೇ ಬದಲಿಸುತ್ತಾರೆ. ಗ್ಯಾರೇಜಿಗೆ ಹೊಸದಾಗಿ ಸೇರುವ ಹುಡುಗರಿಗೆ ವೇನ್ ಪಂಪು ಬಿಚ್ಚುವ ಸಂದರ್ಭ ಬರುವುದೇ ಅಪರೂಪ.

ಆದರೆ ಹಳೆಯ ಕಾರುಗಳ ಗತಿಯೇನು? 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿ, ಮೂಲ ರೂಪ ಉಳಿಸಿಕೊಂಡ ಖಾಸಗಿ ವಾಹನಕ್ಕೆ ಪ್ರತ್ಯೇಕ ನೋಂದಣಿ. ಶುಲ್ಕ 20,000 ರೂಪಾಯಿ. ಮತ್ತೊಂದು ಕಡೆ ಹದಿನೈದು ವರ್ಷ ತುಂಬಿದ ಖಾಸಗಿ ಕಾರು ಮುಂದೆಯೂ ರಸ್ತೆಯಲ್ಲಿರಬೇಕಾದರೆ ನೋಂದಣಿ ನವೀಕರಿಸಬೇಕು, ಪ್ರತಿ ಐದು ವರ್ಷಕ್ಕೊಮ್ಮೆ ಯೋಗ್ಯತೆ ಸಾಬೀತು ಮಾಡಬೇಕು. ಹದಿನೈದಕ್ಕೆ ಹಳತು, ಐವತ್ತಕ್ಕೆ ಅಮೂಲ್ಯ. ನಡುವಿನ ಮೂವತ್ತೈದು ವರ್ಷ ಯಾರಿಗೂ ಬೇಡದ ಪ್ರಾಯ.

ನಮ್ಮಲ್ಲಿ ಪವರ್ ಸ್ಟಿಯರಿಂಗ್ ಪಡೆದ ಮೊದಲ ತಲೆಮಾರಿನ ಕಾರುಗಳು ನಿಂತಿರುವುದು ಸರಿಯಾಗಿ ಈ ನಡುವಿನಲ್ಲಿ. ಮೊತ್ತಮೊದಲ ಕಾಂಟೆಸ್ಸಾಗಳಿಗೆ ಐವತ್ತು ತುಂಬುವುದು 2034ರಲ್ಲಿ. 1995ರ ಸಿಯೆಲೊಗೆ 2045ರಲ್ಲಿ. ಕಾಂಟೆಸ್ಸಾ ತಯಾರಿಕೆ 2002ರಲ್ಲೇ ನಿಂತಿದೆ. ದೇವೂ ಕಂಪನಿ ಭಾರತದ ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಅಂಬಾಸಿಡರ್ ಕೂಡ 2014ರಲ್ಲಿ ನಿಂತಿತು. ಈ ಕಾರುಗಳಿಗೆ ಹೊಸ ಪಂಪು ಕಳುಹಿಸಿಕೊಡುವವರು ಯಾರೂ ಇಲ್ಲ. ಒಂದು ಸೀಲು, ಒಂದು ಪೈಪು, ಸಿಕ್ಕಿಕೊಂಡ ಒಂದು ವಾಲ್ವಿಗಾಗಿ ಇಡೀ ಕಾರು ಗುಜರಿ ಸೇರಬೇಕೇ, ಬೇಡವೇ ಎಂಬುದು ಊರಿನಲ್ಲಿ ಅದನ್ನು ಕ್ರಮವಾಗಿ ಪರೀಕ್ಷಿಸಿ ಹೇಳಬಲ್ಲ ಮೆಕ್ಯಾನಿಕ್ ಇದ್ದಾನೆಯೇ ಎಂಬುದರ ಮೇಲೆ ನಿಂತಿದೆ.

ಕಾರನ್ನು ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿ ಇಟ್ಟರೆ ಅದು ಉಳಿಯುವುದಿಲ್ಲ. ನಿಂತ ಕಾರಿನ ಸೀಲುಗಳೇ ಮೊದಲು ಒಣಗುವುದು. ವಾರಕ್ಕೊಮ್ಮೆ ಎಂಜಿನ್ ಹಚ್ಚಿ, ಸ್ಟಿಯರಿಂಗನ್ನು ಎರಡೂ ಕಡೆಗೆ ನಾಲ್ಕು ಸಲ ತಿರುಗಿಸಿದರೆ ಎಣ್ಣೆ ಎಲ್ಲ ಕಡೆ ಓಡಾಡಿ ರಬ್ಬರು ಮೆತ್ತಗಿರುತ್ತದೆ. ಹಳೆಯ ಮೆಕ್ಯಾನಿಕರ ಪಕ್ಕದಲ್ಲಿ ಟಾರ್ಚು ಹಿಡಿದು ನಿಲ್ಲುವ ಒಬ್ಬ ಹುಡುಗನಿಗೆ ಅದೇ ಹೊತ್ತಿನಲ್ಲಿ ಬೆಲ್ಟು ಒತ್ತುವುದನ್ನೂ ಎಣ್ಣೆ ಮೂಸುವುದನ್ನೂ ಕಲಿಸಿದರೆ, 2034ರಲ್ಲಿ ಆ ಕಾರಿಗೆ ಐವತ್ತು ತುಂಬಿದಾಗ ಅದರ ಬಾನೆಟ್ಟು ತೆರೆಯಲು ಬಲ್ಲವರೊಬ್ಬರಾದರೂ ಮಂಗಳೂರಿನಲ್ಲಿ ಇರುತ್ತಾರೆ.